ಮಗು ತಡವರಿಸುವಾಗ ಸುಮ್ಮನಿರುವ ವಿದ್ಯೆ: ಊರ ಶಾಲೆಗೆ ಬೋಧಕರನ್ನು ತಯಾರು ಮಾಡುವುದು

ಎಲ್ಲರಿಗೂ ನಮಸ್ಕಾರ. ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿದ್ದೀರಿ, ಯುವಕ ಸಂಘ, ಮಹಿಳಾ ಸಂಘದವರಿದ್ದೀರಿ, ನಿವೃತ್ತ ಶಿಕ್ಷಕರೂ ಕೆಲವರಿದ್ದೀರಿ. ನಾಲ್ಕರಿಂದ ಏಳನೇ ತರಗತಿಯಲ್ಲಿದ್ದೂ ಓದು-ಲೆಕ್ಕ ಬಾರದ ಮಕ್ಕಳಿಗೆ ಊರಿನವರಿಂದಲೇ ಪಾಠ ಹೇಳಿಸಬೇಕು ಅನ್ನುವುದು ನಿಮ್ಮೆಲ್ಲರ ಯೋಚನೆ. ಜನರನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ತೊಡಕು ಶುರುವಾಗುವುದು ಅವರಿಗೆ ತರಬೇತಿ ಕೊಡುವಾಗ.

ನಮ್ಮಲ್ಲಿ ತರಬೇತಿ ಎಂದರೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಎರಡು ದಿನದ ಕಾರ್ಯಕ್ರಮ. ಮೊದಲ ದಿನ ಹನ್ನೆರಡರವರೆಗೆ ದೀಪ, ಪ್ರಾರ್ಥನೆ, ಶಾಲು, ಹಾರ, ಗಣ್ಯರ ಮಾತು. ಆಮೇಲೆ ಶಿಕ್ಷಣದ ಮಹತ್ವದ ಬಗ್ಗೆ ಒಂದು ಭಾಷಣ, ಮಕ್ಕಳ ಮನೋವಿಜ್ಞಾನದ ಬಗ್ಗೆ ಇನ್ನೊಂದು. ಎರಡನೇ ದಿನ ಚಾರ್ಟ್ ಮಾಡಿಸುತ್ತಾರೆ, ಸಂಜೆ ಸರ್ಟಿಫಿಕೇಟ್ ಹಂಚುತ್ತಾರೆ. ಸೋಮವಾರ ಆ ಹುಡುಗಿ ಎಂಟು ಮಕ್ಕಳ ಮುಂದೆ ನಿಂತಾಗ ಏನು ಮಾಡುತ್ತಾಳೆ? ತನಗೆ ಒಂದನೇ ಕ್ಲಾಸಿನಲ್ಲಿ ಏನು ಮಾಡಿಸಿದ್ದರೋ ಅದನ್ನೇ. ಬೋರ್ಡಿನ ಮೇಲೆ ಅ ಆ ಇ ಈ ಬರೆದು, ‘ಎಲ್ಲರೂ ಜೋರಾಗಿ ಹೇಳಿ’ ಅನ್ನುತ್ತಾಳೆ. ಅವಳ ತಪ್ಪಿಲ್ಲ. ನಾವು ಅವಳಿಗೆ ಬೇರೇನನ್ನೂ ಕೈಯಾರೆ ಮಾಡಿಸಿರಲಿಲ್ಲ.

ಆದ್ದರಿಂದ ಇವತ್ತು ನಾವು ಹೇಳುವುದು ಇಷ್ಟು: ಬೋಧಕರಿಗೆ ಮೊದಲು ಕಲಿಸಬೇಕಾದ್ದು ಮಗು ಓದುವುದನ್ನು ಕೇಳಿಸಿಕೊಳ್ಳಲು, ಎಲ್ಲಿ ತೊಡರುತ್ತಿದೆ ಎಂದು ಗುರುತು ಹಾಕಲು, ಅಷ್ಟು ಹೊತ್ತು ತಾವು ಸುಮ್ಮನಿರಲು. ಪಾಠ ಹೇಳುವ ಬಗೆ ಅದರ ನಂತರದ್ದು. ಈ ವಿದ್ಯೆ ಭಾಷಣ ಕೇಳಿದರೆ ಬರುವುದಿಲ್ಲ, ನಿಜವಾದ ಮಕ್ಕಳ ಜೊತೆ ಕೂತು ಅಭ್ಯಾಸ ಮಾಡಿದರೆ ಮಾತ್ರ ಬರುತ್ತದೆ.

ಬಿ.ಎಡ್. ಇಲ್ಲದವರು ಇದನ್ನು ಮಾಡಬಲ್ಲರೇ ಎಂದು ಕೇಳುವವರಿಗೆ ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳ ‘ಬಾಲಸಖಿ’ ಕಾರ್ಯಕ್ರಮವೇ ಉತ್ತರ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಆಯಾ ಬಡಾವಣೆಯ ಯುವತಿಯರನ್ನೇ ಆರಿಸಿ, ಆರಂಭದಲ್ಲಿ ಎರಡು ವಾರ ತರಬೇತಿ ಕೊಟ್ಟು, ಮೂರು-ನಾಲ್ಕನೇ ತರಗತಿಯಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮಕ್ಕಳ ಅಂಕ ಏರಿತ್ತು, ಹೆಚ್ಚು ಲಾಭ ಆದದ್ದು ತೀರಾ ಹಿಂದಿದ್ದ ಮಕ್ಕಳಿಗೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಇದೇ ಬಗೆಯ ಕೆಲಸವನ್ನು ಶಾಲೆಯ ಹೊರಗೆ, ಹಳ್ಳಿಯ ಸ್ವಯಂಸೇವಕರಿಂದ ಮಾಡಿಸಿದಾಗ ಬಂದ ಮಕ್ಕಳು ಚೆನ್ನಾಗಿಯೇ ಕಲಿತರು, ಆದರೆ ಬಂದವರೇ ಬಹಳ ಕಡಿಮೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ನಿಮ್ಮ ಮೊದಲ ತೀರ್ಮಾನ ತಾನಾಗಿ ಆಗುತ್ತದೆ. ತರಗತಿ ಶಾಲೆಯ ಒಳಗೆ, ಶಾಲೆಯ ಹೊತ್ತಿನಲ್ಲೇ ನಡೆಯಬೇಕು. ಸಂಜೆ ದೇವಸ್ಥಾನದ ಜಗಲಿಯಲ್ಲಿ ಎಂದಿಟ್ಟುಕೊಂಡರೆ ಬರುವವರು ಹೇಗಿದ್ದರೂ ಓದುವ ಮಕ್ಕಳು. ದನ ಅಟ್ಟಿಕೊಂಡು ಬರಬೇಕಾದವನು, ತಂಗಿಯನ್ನು ಎತ್ತಿಕೊಳ್ಳಬೇಕಾದವಳು ಬರುವುದಿಲ್ಲ.

ಹಾಗಾಗಿ ತರಬೇತಿಗೂ ಮೊದಲು ಮುಖ್ಯ ಶಿಕ್ಷಕರ ಜೊತೆ ಕೂತು ಮೂರು ಸಂಗತಿ ಬರೆದುಕೊಳ್ಳಿ. ಯಾವ ಅವಧಿ, ಯಾವ ಜಾಗ, ಬೋಧಕರು ಏನನ್ನು ಮಾಡುವುದಿಲ್ಲ. ಬೆಳಗಿನ ಮೊದಲ ಅವಧಿ ಸಿಕ್ಕರೆ ಒಳ್ಳೆಯದು. ಬಿಸಿಯೂಟದ ನಂತರದ ಅವಧಿ ಬೇಡ, ಮಕ್ಕಳು ತೂಕಡಿಸುತ್ತಾರೆ. ಜಾಗ ವರಾಂಡವಾದರೂ ಸರಿ, ಆದರೆ ಇನ್ನೊಂದು ತರಗತಿ ಕೂಗಿ ಮಗ್ಗಿ ಹೇಳುವ ಕೋಣೆಯ ಪಕ್ಕ ಆಗದು. ಮೂರನೆಯದನ್ನು ಯಾರೂ ಬರೆದಿಡುವುದಿಲ್ಲ, ಅಲ್ಲೇ ಕೆಲಸ ಕೆಡುತ್ತದೆ. ಶಿಕ್ಷಕರು ರಜೆ ಹಾಕಿದ ದಿನ ಬೋಧಕಿಯನ್ನು ಇಡೀ ತರಗತಿಗೆ ಕೂರಿಸುವುದು, ಹಾಲು ಹಂಚಲು ಕರೆಯುವುದು, ಕಂಪ್ಯೂಟರಿನಲ್ಲಿ ಮಾಹಿತಿ ತುಂಬಿಸುವುದು ಮೆಲ್ಲಗೆ ಶುರುವಾಗುತ್ತವೆ. ಮೂರು ತಿಂಗಳಲ್ಲಿ ಅವಳು ಸಂಬಳವಿಲ್ಲದ ಗುಮಾಸ್ತೆ ಆಗಿರುತ್ತಾಳೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರ ಎದುರಲ್ಲೇ ಆ ಕಾಗದಕ್ಕೆ ಮುಖ್ಯ ಶಿಕ್ಷಕರ ಸಹಿ ಹಾಕಿಸಿ.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕಪಟ್ಟಿ ನೋಡಬೇಡಿ. ಅರ್ಧ ಪುಟ ಉಕ್ತಲೇಖನ ಕೊಡಿ, ನಾಲ್ಕು ಲೆಕ್ಕ ಕೊಡಿ, ಒಂದು ಮಗುವಿನ ಪಕ್ಕ ಹತ್ತು ನಿಮಿಷ ಕೂರಿಸಿ ನೋಡಿ. ‘ವಿದ್ಯಾರ್ಥಿ’ಯನ್ನು ‘ವಿಧ್ಯಾರ್ಥಿ’ ಎಂದು ಬರೆಯುವವರು, 618ನ್ನು 6ರಿಂದ ಭಾಗಿಸಿ 13 ಎನ್ನುವವರು ಪದವೀಧರರಲ್ಲೂ ಸಿಗುತ್ತಾರೆ. ಹಾಗೆಂದು ತಿರಸ್ಕರಿಸಬೇಕಿಲ್ಲ. ತರಬೇತಿಯಲ್ಲಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಅವರ ಸ್ವಂತ ಬರಹ-ಲೆಕ್ಕಕ್ಕೆ ಇಡಿ, ಫಲಿತಾಂಶವನ್ನು ಎಲ್ಲರೆದುರು ಓದಬೇಡಿ. ಮಗುವಿನ ಪಕ್ಕ ಕೂತಾಗ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಳ್ಳುವವರನ್ನು ಮಾತ್ರ ಎರಡು ಸಲ ಯೋಚಿಸಿ ತೆಗೆದುಕೊಳ್ಳಿ. ಲೆಕ್ಕ ತಿದ್ದಬಹುದು, ಆ ಸ್ವಭಾವ ತಿದ್ದುವುದು ತಡವಾಗುತ್ತದೆ.

ಈಗ ತರಬೇತಿಗೆ ಬರೋಣ. ಒಟ್ಟು ಐದು ದಿನ, ದಿನಕ್ಕೆ ಆರು ಗಂಟೆ, ಒಂದು ತಂಡದಲ್ಲಿ ಹೆಚ್ಚೆಂದರೆ ಇಪ್ಪತ್ತು ಜನ, ಇಬ್ಬರು ತರಬೇತುದಾರರು. ಸಭಾಭವನ ಬೇಡ. ಶಾಲೆಯಲ್ಲೇ, ಶಾಲೆ ನಡೆಯುವ ದಿನಗಳಲ್ಲೇ ಇಟ್ಟುಕೊಳ್ಳಿ. ಯಾಕೆಂದರೆ ಎರಡನೇ ದಿನದಿಂದ ದಿನಾ ಒಂದು ಗಂಟೆ ಮಕ್ಕಳು ಬೇಕು. ರಜೆಯಲ್ಲಿ ಇಟ್ಟುಕೊಂಡ ತರಬೇತಿಯಲ್ಲಿ ದೊಡ್ಡವರೇ ಮಕ್ಕಳ ಪಾತ್ರ ಮಾಡುತ್ತಾರೆ. ದೊಡ್ಡವರು ಮಾಡುವ ತಪ್ಪುಗಳು ಮಕ್ಕಳು ಮಾಡುವ ತಪ್ಪುಗಳಲ್ಲ.

ಮೊದಲು ಅಳೆಯುವುದು

ಮೊದಲ ದಿನವೆಲ್ಲ ಒಂದೇ ಕೆಲಸ. ಒಂದು ಮಗುವನ್ನು ಐದರಿಂದ ಹತ್ತು ನಿಮಿಷದಲ್ಲಿ ಪರೀಕ್ಷಿಸಿ, ಅದು ಎಲ್ಲಿದೆ ಎಂದು ತಿಳಿಯುವುದು. ಹಳ್ಳಿ ಮಕ್ಕಳ ಓದು-ಲೆಕ್ಕ ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಸಾಧನ ಎಲ್ಲರಿಗೂ ಸಿಗುವಂಥದ್ದು, ಅದರ ಕ್ರಮವನ್ನೇ ಬಳಸಿ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ವಾಕ್ಯವೃಂದ, ಎರಡನೇ ತರಗತಿ ಮಟ್ಟದ ಸಣ್ಣ ಕಥೆ ಇರುತ್ತವೆ. ಶುರು ಮಾಡುವುದು ವಾಕ್ಯವೃಂದದಿಂದ. ಅದನ್ನು ಸರಾಗವಾಗಿ, ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಿದರೆ ಕಥೆ ಕೊಡಿ. ಓದಲಾಗದಿದ್ದರೆ ಕೆಳಗಿಳಿದು ಪದ ಕೊಡಿ, ಐದರಲ್ಲಿ ನಾಲ್ಕು ಸರಿ ಆಗಬೇಕು. ಅದೂ ಆಗದಿದ್ದರೆ ಅಕ್ಷರ, ಅಲ್ಲೂ ಐದರಲ್ಲಿ ನಾಲ್ಕು. ಲೆಕ್ಕದಲ್ಲಿ 1ರಿಂದ 9, 10ರಿಂದ 99ರ ಸಂಖ್ಯೆ ಗುರುತಿಸುವುದು, ಎರಡಂಕಿಯ ದಶಕ ಸಹಿತ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಇಷ್ಟು ಸುಲಭದ್ದಕ್ಕೆ ಒಂದು ದಿನ ಯಾಕೆ? ಯಾಕೆಂದರೆ ಹೊಸಬರು ಪರೀಕ್ಷೆ ಮಾಡುವುದಿಲ್ಲ, ಪಾಠ ಮಾಡಿಬಿಡುತ್ತಾರೆ. ಮಗು ‘ಮ…’ ಎಂದರೆ ಸಾಕು, ‘ಮ, ರ, ಮರ, ಹೇಳು’ ಎನ್ನುತ್ತಾರೆ. ಮಗುವೂ ‘ಮರ’ ಎನ್ನುತ್ತದೆ. ಪದ ಬರುತ್ತದೆ ಎಂದು ಹಾಳೆಯಲ್ಲಿ ಗುರುತಾಗುತ್ತದೆ. ಇನ್ನು ಕೆಲವರು ಮಗು ಪ್ರತಿ ಅಕ್ಷರಕ್ಕೂ ತಲೆ ಎತ್ತಿ ನೋಡಿದಾಗ ‘ಹೂಂ’ ಎಂದು ತಲೆಯಾಡಿಸುತ್ತಾರೆ. ಆಗ ಮಗು ಓದುವುದು ಹಾಳೆಯನ್ನಲ್ಲ, ಅವರ ಮುಖವನ್ನು. ವರ್ಣಮಾಲೆ ಹಾಡಿನ ಹಾಗೆ ಬಾಯಿಪಾಠ ಬರುವ ಮಕ್ಕಳು ಬಹಳ. ಅ ಆ ಇ ಈ ಸಾಲಾಗಿ ತೋರಿಸಿದರೆ ತಪ್ಪದೆ ಹೇಳುತ್ತಾರೆ, ಸಾಲಿನ ನಡುವೆ ‘ಠ’ ಮೇಲೆ ಬೆರಳಿಟ್ಟರೆ ಕ ಖ ಗ ಘದಿಂದ ಲೆಕ್ಕ ಹಾಕಿಕೊಂಡು ಬರುತ್ತಾರೆ. ಅಕ್ಷರ ಕೇಳುವಾಗ ಸಾಲು ಮುರಿದೇ ಕೇಳಬೇಕು.

ಮೂವರ ಗುಂಪು ಮಾಡಿ ಅಭ್ಯಾಸ ಮಾಡಿಸಿ. ಒಬ್ಬರು ಮಗು, ಒಬ್ಬರು ಬೋಧಕರು, ಮೂರನೆಯವರು ಪೆನ್ನು ಹಿಡಿದು ನೋಡುವವರು. ಮಗುವಾದವರ ಕೈಗೆ ಒಂದು ಚೀಟಿ ಕೊಡಿ: ‘ಒತ್ತಕ್ಷರಗಳನ್ನೆಲ್ಲ ಬಿಟ್ಟು ಓದಿ’, ‘ಮೂರನೇ ಪದದಲ್ಲಿ ಆರು ಸೆಕೆಂಡು ನಿಂತು ಆಮೇಲೆ ಸರಿಯಾಗಿ ಓದಿ’. ನೋಡುವವರ ಕೆಲಸ ಎರಡೇ. ಬೋಧಕರು ಐದು ಸೆಕೆಂಡಿಗೆ ಮುಂಚೆ ಎಷ್ಟು ಸಲ ಬಾಯಿ ಹಾಕಿದರು ಎಂದು ಗೆರೆ ಎಳೆಯುವುದು, ಎಷ್ಟು ಸಲ ತಲೆಯಾಡಿಸಿದರು ಎಂದು ಇನ್ನೊಂದು ಗೆರೆ. ಐದು ಸೆಕೆಂಡು ಎಷ್ಟು ಉದ್ದ ಎಂದು ಮೊದಲ ಸಲ ಕೂತವರಿಗೆ ಗೊತ್ತಿರುವುದಿಲ್ಲ. ಮನಸ್ಸಿನಲ್ಲಿ ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎಂದು ನಿಧಾನವಾಗಿ ಎರಡು ಸಲ ಹೇಳಿಕೊಳ್ಳಿ ಎಂದರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಮರುದಿನ ನಿಜವಾದ ಮಕ್ಕಳು. ಈ ನಾಲ್ಕು ಸಾಲು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ:

‘ನಮ್ಮ ಊರಿನಲ್ಲಿ ಕೆರೆ ಇದೆ. ಕೆರೆಯ ಏರಿ ಮೇಲೆ ದೊಡ್ಡ ಆಲದ ಮರ ಇದೆ. ಸಂಜೆ ಕೊಕ್ಕರೆಗಳು ಮರಕ್ಕೆ ಬರುತ್ತವೆ. ಅಜ್ಜ ಅಲ್ಲಿ ಎಮ್ಮೆ ಮೇಯಿಸುತ್ತಾನೆ.’

ಒಂದು ಮಗು ‘ಏರಿ’ಯನ್ನು ‘ಎರಿ’ ಎನ್ನುತ್ತದೆ, ‘ಆಲದ’ವನ್ನು ‘ಅಲದ’ ಎನ್ನುತ್ತದೆ. ಅದಕ್ಕೆ ಹ್ರಸ್ವ-ದೀರ್ಘದ ಕೆಲಸ ಬೇಕು. ಇನ್ನೊಂದು ‘ದೊಡ’, ‘ಕೊಕರೆ’, ‘ಎಮೆ’ ಎನ್ನುತ್ತದೆ. ಅದಕ್ಕೆ ಒತ್ತು ಕಾಣುತ್ತಲೇ ಇಲ್ಲ. ಮೂರನೆಯದು ‘ದೊಡ್ಡ’, ‘ಕೊಕ್ಕರೆ’, ‘ಅಜ್ಜ’ ಸರಿಯಾಗಿ ಓದಿ, ‘ಎಮ್ಮೆ’, ‘ಅಲ್ಲಿ’, ‘ಬರುತ್ತವೆ’ ಬಂದಾಗ ಮಾತ್ರ ನಿಲ್ಲುತ್ತದೆ. ಇದಕ್ಕೆ ಒತ್ತು ಗೊತ್ತಿದೆ. ಮೂಲ ಅಕ್ಷರದ ರೂಪವೇ ಕೆಳಗೆ ಕಂಡರೆ ಓದುತ್ತದೆ, ರೂಪ ಬದಲಾದರೆ ಇಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತುಗಳನ್ನು ಒಂದು ವಾರ ಮಾಡಿಸಿದರೆ ಸಾಕು, ಮೂವತ್ತನಾಲ್ಕನ್ನೂ ತಿರುಗಿ ಬರೆಸಬೇಕಿಲ್ಲ. ನಾಲ್ಕನೆಯದು ‘ಮೇಯಿಸುತ್ತಾನೆ’ಯನ್ನು ನೋಡಿ ‘ಮೇಸ್ತಾನೆ’ ಎನ್ನುತ್ತದೆ. ಇದು ತಪ್ಪೇ ಅಲ್ಲ. ಅರ್ಥ ತಿಳಿದು ತನ್ನ ಮನೆಯ ಮಾತಿನಲ್ಲಿ ಹೇಳಿದೆ, ಅಂದರೆ ಓದು ಕೂಡಿ ಬರುತ್ತಿದೆ.

ಈ ನಾಲ್ಕನೆಯದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಹಳೇ ಮೈಸೂರಿನ ಹಲವು ಕಡೆ ಮಗು ‘ಹಾಲು’ ನೋಡಿ ‘ಆಲು’ ಎನ್ನುತ್ತದೆ, ಉತ್ತರ ಕರ್ನಾಟಕದಲ್ಲಿ ‘ಶಾಲೆ’ ನೋಡಿ ‘ಸಾಲಿ’ ಎನ್ನುತ್ತದೆ. ಬೋಧಕಿ ಅಲ್ಲಿ ತಡೆದು ನಾಲಗೆ ತಿದ್ದಲು ಹೊರಟರೆ, ಮಗು ಅರ್ಥ ಬಿಟ್ಟು ಬರೀ ಉಚ್ಚಾರದ ಹಿಂದೆ ಬೀಳುತ್ತದೆ, ಓದುವುದೇ ಬೇಡ ಎನಿಸುತ್ತದೆ. ಪರೀಕ್ಷಿಸುವ ಬಗೆ ಸುಲಭ. ‘ಹಾಲು ಎಂದು ಬರೆ’ ಎನ್ನಿ. ‘ಹ’ ಬರೆದರೆ ಅಕ್ಷರ ಗೊತ್ತಿದೆ, ಮುಂದೆ ಹೋಗಿ. ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು, ಮರಾಠಿ, ತುಳು ಆಡುವ ಮಕ್ಕಳ ವಿಷಯ ಬೇರೆ. ಅವರು ಅಕ್ಷರ ಕೂಡಿಸಿ ‘ಕೊಕ್ಕರೆ’ ಎಂದು ಸರಿಯಾಗಿಯೇ ಓದಬಹುದು, ಕೊಕ್ಕರೆ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಅವರ ಗುಂಪಿನಲ್ಲಿ ಓದುವುದಕ್ಕೆ ಮುಂಚೆ ಹತ್ತು ನಿಮಿಷ ಚಿತ್ರ ತೋರಿಸಿ ಮಾತಾಡಿಸುವುದು ಕಡ್ಡಾಯ. ಆ ಭಾಷೆ ಬರುವ ಬೋಧಕಿ ಸಿಕ್ಕರೆ ಅವಳನ್ನು ಆ ಗುಂಪಿಗೇ ಹಾಕಿ.

ಓದು ಕಲಿಸುವ ಕ್ರಮ

ಅಳತೆ ಬಂದ ಮೇಲೆ ಗುಂಪು. ನಾಲ್ಕನೆಯವರು, ಏಳನೆಯವರು ಎಂದು ನೋಡದೆ ಮಟ್ಟ ನೋಡಿ ಕೂರಿಸಬೇಕು. ಒಬ್ಬ ಬೋಧಕಿಗೆ ಆರರಿಂದ ಎಂಟು ಮಕ್ಕಳು. ಏಳನೇ ತರಗತಿಯ ಹುಡುಗನನ್ನು ನಾಲ್ಕನೆಯವರ ಜೊತೆ ಅಕ್ಷರದ ಗುಂಪಿನಲ್ಲಿ ಕೂರಿಸಿದರೆ ಎರಡೇ ದಿನದಲ್ಲಿ ನಿಂತುಬಿಡುತ್ತಾನೆ. ಅಂಥ ದೊಡ್ಡ ಮಕ್ಕಳನ್ನು ಇಬ್ಬಿಬ್ಬರನ್ನಾಗಿ ಬೇರೆ ಕೂರಿಸಿ, ಬಸ್ಸಿನ ಬೋರ್ಡು, ಕ್ರಿಕೆಟ್ ಸುದ್ದಿ, ಅಂಗಡಿ ಚೀಟಿ ಓದಿಸುತ್ತಾ ಶುರು ಮಾಡಿ.

ಅಕ್ಷರದ ಗುಂಪಿಗೆ ವರ್ಣಮಾಲೆಯ ಕ್ರಮ ಬೇಡ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ಶುರುವಾದ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಇದನ್ನು ಚೆನ್ನಾಗಿ ಬಿಡಿಸಿದೆ. ಅದರ ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭ, ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಓದಬಹುದು. ಮುಂದೆ ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ, ಅವಸರ. ಮೊದಲ ವಾರದಲ್ಲೇ ಮಗು ಪದ ಓದಿ ಅರ್ಥ ಹೇಳುತ್ತದೆ. ಸ್ವರದಿಂದ ಹೊರಟರೆ ಹದಿಮೂರು ಅಕ್ಷರ ಕಲಿತರೂ ‘ಆಈ’, ‘ಓಊ’ ಬಿಟ್ಟು ಓದಲು ಒಂದು ಪದ ಸಿಕ್ಕುವುದಿಲ್ಲ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ತರಬೇಡಿ: ನ-ಸ, ಪ-ಷ-ಫ, ರ-ಠ, ಮ-ಯ. ಒಂದು ಗಟ್ಟಿಯಾದ ಮೇಲೆ, ಹತ್ತು ದಿನ ಬಿಟ್ಟು ಇನ್ನೊಂದು.

ನಾಲ್ಕನೇ ತರಗತಿ ದಾಟಿದ ಮಕ್ಕಳಲ್ಲಿ ಹೆಚ್ಚಿನವರು ಸಿಕ್ಕಿಹಾಕಿಕೊಂಡಿರುವುದು ಅಕ್ಷರದಲ್ಲಲ್ಲ, ಕಾಗುಣಿತದಲ್ಲಿ. ಅದಕ್ಕೂ ಕಾರಣ ಹಾಡು. ಕ ಕಾ ಕಿ ಕೀ ಎಂದು ಅಡ್ಡಸಾಲಿನಲ್ಲಿ ಹಾಡುವಾಗ ಮಗುವಿನ ಕಣ್ಣು ಚಿಹ್ನೆಯ ಮೇಲೆ ಬೀಳುವುದೇ ಇಲ್ಲ, ರಾಗ ಮುಂದಕ್ಕೆ ಒಯ್ಯುತ್ತದೆ. ಪಟ್ಟಿಯನ್ನು ಮೇಲಿಂದ ಕೆಳಗೆ ಓದಿಸಿ: ಕಿ, ಗಿ, ತಿ, ನಿ, ಲಿ. ಒಂದೇ ಗುಡಿಸು, ಅಕ್ಷರ ಬೇರೆ. ಅದು ಬಂದ ಮೇಲೆ ಕಿ-ಕೀ, ತಿ-ತೀ ಎಂದು ಜೋಡಿ. ಆಮೇಲೆ ಪದ. ಒಂದು ವಾರಕ್ಕೆ ಎರಡು ಚಿಹ್ನೆ, ಅದಕ್ಕಿಂತ ಹೆಚ್ಚಲ್ಲ. ‘ಪು’, ‘ವು’ ಬಂದಾಗ ಬೋಧಕಿ ತಾನಾಗಿಯೇ ಹೇಳಬೇಕು: ಇಲ್ಲಿ ಕೊಂಬು ಬೇರೆ ಅಕ್ಷರಗಳ ಹಾಗೆ ಪಕ್ಕಕ್ಕೆ ಹೋಗುವುದಿಲ್ಲ, ಕೆಳಗೆ ಅಂಟುತ್ತದೆ, ಹೋದರೆ ‘ವು’ ‘ಮ’ದ ಹಾಗೆ ಕಾಣುತ್ತದೆ. ಹೇಳದಿದ್ದರೆ ‘ಹೂವು’ ‘ಹೂಮ’ ಆಗುತ್ತದೆ. ಅರ್ಕಾವತ್ತೂ ಹೀಗೆಯೇ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರ ಬರಹದಲ್ಲಿ ಕೊನೆಗೆ ಬಂದು ಕೂರುತ್ತದೆ, ಮಗು ಕಂಡ ಹಾಗೆ ‘ಸೂಯ್ರ’ ಎಂದೇ ಓದುತ್ತದೆ. ತರಬೇತಿಯಲ್ಲಿ ಈ ಪದವನ್ನು ಎರಡು ಬಗೆಯಲ್ಲೂ ಬರೆದು ತೋರಿಸಿ.

ಒಂದು ಗಂಟೆಯ ಪಾಠವನ್ನು ಬೋಧಕರು ಹೀಗೆ ಕಟ್ಟಲಿ. ಮೊದಲ ಹತ್ತು ನಿಮಿಷ ಮಾತು: ಒಂದು ಚಿತ್ರ, ಅದರ ಬಗ್ಗೆ ಪ್ರತಿ ಮಗು ಒಂದು ವಾಕ್ಯ. ಮುಂದಿನ ಹದಿನೈದು ನಿಮಿಷ ನಾಲ್ಕೈದು ಸಾಲು ಓದು. ಬೋಧಕಿ ಬೆರಳಿಟ್ಟು ಒಂದು ಸಲ, ಎಲ್ಲರೂ ಸೇರಿ ಒಂದು ಸಲ, ಆಮೇಲೆ ಒಬ್ಬೊಬ್ಬರೇ. ಹದಿನೈದು ನಿಮಿಷ ಅಕ್ಷರ ಅಥವಾ ಕಾಗುಣಿತದ ಆಟ. ಹತ್ತು ನಿಮಿಷ ಬರವಣಿಗೆ, ನಕಲು ಅಲ್ಲ, ತಾವೇ ಯೋಚಿಸಿದ ಎರಡು ಪದ ಅಥವಾ ಒಂದು ವಾಕ್ಯ. ಕೊನೆಯ ಹತ್ತು ನಿಮಿಷ ಇಬ್ಬರು ಮಕ್ಕಳನ್ನು ಮಾತ್ರ ಹತ್ತಿರ ಕೂರಿಸಿ ಓದಿಸಿ ಗುರುತು ಹಾಕುವುದು, ಉಳಿದವರು ಜೋಡಿಯಾಗಿ ಓದಿಕೊಳ್ಳುವುದು. ವಾರಕ್ಕೆ ನಾಲ್ಕು ದಿನವಾದರೆ ಎಂಟೂ ಮಕ್ಕಳನ್ನು ಒಂದೊಂದು ಸಲ ಕೇಳಿದಂತಾಗುತ್ತದೆ. ಸಮಯ ಸಾಲದಾಗ ಎಲ್ಲರೂ ಮೊದಲು ಕೈಬಿಡುವುದು ಈ ಕೊನೆಯ ಹತ್ತು ನಿಮಿಷವನ್ನು. ಕೈಬಿಡಬೇಕಾದರೆ ಆಟ ಬಿಡಿ, ಇದನ್ನಲ್ಲ.

ಮಗು ಪದದಲ್ಲಿ ನಿಂತಾಗ ಐದು ಸೆಕೆಂಡು ಕಾಯುವುದು. ಆಮೇಲೂ ಬರದಿದ್ದರೆ ಮೊದಲ ಅಕ್ಷರದ ಮೇಲೆ ಬೆರಳಿಡುವುದು. ಅದಕ್ಕೂ ಬರದಿದ್ದರೆ ಪದವನ್ನು ಹೇಳಿಕೊಟ್ಟು ಮುಂದೆ ಸಾಗುವುದು, ಸಾಲು ಮುಗಿದ ಮೇಲೆ ಅದೇ ಪದಕ್ಕೆ ವಾಪಸು ಬರುವುದು. ಒಂದು ಪದಕ್ಕೆ ಅರ್ಧ ನಿಮಿಷ ಒದ್ದಾಡಿಸಿದರೆ ಹಿಂದೆ ಓದಿದ್ದು ಮರೆತಿರುತ್ತದೆ. ಪಕ್ಕದ ಮಗು ಥಟ್ಟನೆ ಉತ್ತರ ಹೇಳಿಬಿಟ್ಟರೆ? ಅದಕ್ಕೆ ಬೈಯುವುದು ಬೇಡ. ಕೈಯಲ್ಲಿ ಹುಣಸೆ ಬೀಜ ಇರುವವರಿಗೆ ಮಾತ್ರ ಮಾತು ಎಂಬ ಆಟದ ನಿಯಮ ಮಾಡಿದರೆ ತಾನಾಗಿ ನಿಲ್ಲುತ್ತದೆ.

ಲೆಕ್ಕ

ಲೆಕ್ಕಕ್ಕೆ ಬೇಕಾದ ಸಾಮಾನು ಕಡಿಮೆ. ಎರಡು ಮಕ್ಕಳಿಗೆ ನೂರು ತೆಂಗಿನ ಗರಿಯ ಕಡ್ಡಿ, ಒಂದೇ ಅಳತೆಗೆ ಮುರಿದದ್ದು, ಹತ್ತು ರಬ್ಬರ್ ಬ್ಯಾಂಡು, 1, 10, 100ರ ಆಟದ ನೋಟು, ಒಂದೊಂದು ಸ್ಲೇಟು. ಹತ್ತರ ಕಟ್ಟುಗಳನ್ನು ಬೋಧಕಿ ರಾತ್ರಿಯೇ ಕಟ್ಟಿ ತರುವುದು ಸಾಮಾನ್ಯ. ಅದು ಉಪಕಾರದ ರೂಪದ ಅಪಕಾರ. ಹತ್ತು ಬಿಡಿ ಸೇರಿ ಒಂದು ಕಟ್ಟು ಆಗುತ್ತದೆ ಎಂದು ಮಗುವಿಗೆ ತಿಳಿಯುವುದು ತಾನೇ ಎಣಿಸಿ, ರಬ್ಬರ್ ಹಾಕಿ, ಬಿಚ್ಚಿದಾಗ.

42ರಲ್ಲಿ 17 ಕಳೆ ಎಂದರೆ ಹಲವು ಮಕ್ಕಳು 35 ಬರೆಯುತ್ತಾರೆ. ತರಬೇತಿಯಲ್ಲಿ ಬೋಧಕರನ್ನು ‘ಇದು ಹೇಗೆ ಬಂತು?’ ಎಂದು ಕೇಳಿ. ಅರ್ಧ ಜನ ‘ಗಮನವಿಲ್ಲ’ ಎನ್ನುತ್ತಾರೆ. ಗಮನವಿದೆ. 2ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ 7ರಲ್ಲಿ 2 ತೆಗೆದಿದ್ದಾರೆ, 4ರಲ್ಲಿ 1 ತೆಗೆದಿದ್ದಾರೆ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದು ಎಂಬ ನಿಯಮ ಮಾಡಿಕೊಂಡಿದ್ದಾರೆ. ಈ ಮಗುವಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತನ್ನೂ ಹೀಗೇ ಮಾಡುತ್ತದೆ. ನಾಲ್ಕು ಕಟ್ಟು, ಎರಡು ಬಿಡಿ ಕೈಗೆ ಕೊಡಿ, ಹದಿನೇಳು ತೆಗೆದುಕೊಡು ಎನ್ನಿ. ಏಳು ಬಿಡಿ ಇಲ್ಲ, ಒಂದು ಕಟ್ಟು ಬಿಚ್ಚಲೇಬೇಕು. ಮೂರು ಕಟ್ಟು, ಹನ್ನೆರಡು ಬಿಡಿ ಆಗುತ್ತದೆ. ಅದರಲ್ಲಿ ಏಳು ಬಿಡಿ, ಒಂದು ಕಟ್ಟು ತೆಗೆದರೆ ಉಳಿದದ್ದು ಎರಡು ಕಟ್ಟು, ಐದು ಬಿಡಿ. ಎರಡು-ಮೂರು ದಿನ ಕಡ್ಡಿಯಲ್ಲೇ ಮಾಡಿಸಿ, ಆಮೇಲೆ ಕಡ್ಡಿ ಮತ್ತು ಸ್ಲೇಟು ಜೊತೆಜೊತೆಗೆ, ಕೊನೆಗೆ ಬರೀ ಸ್ಲೇಟು. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂಬ ಮಾತನ್ನು ಮೊದಲ ದಿನವೇ ಹೇಳಿದರೆ ಮಗು 4ನ್ನು ಹೊಡೆದು 3 ಮಾಡಲು ಕಲಿಯುತ್ತದೆ, ಬಂದದ್ದು ಒಂದಲ್ಲ ಹತ್ತು ಎಂಬುದು ತಿಳಿಯುವುದಿಲ್ಲ.

ನೂರ ಐದನ್ನು 1005 ಎಂದು ಬರೆಯುವುದೂ ಇದೇ ಜಾತಿ. ಕೇಳಿದ ಹಾಗೆ ನೂರು ಬರೆದು ಪಕ್ಕದಲ್ಲಿ ಐದು ಬರೆದಿದೆ. ನೂರರ ಒಂದು ನೋಟು, ಐದು ಒಂದರ ನೋಟು ಕೊಟ್ಟು ಹತ್ತರ ಮನೆ ಖಾಲಿ ಇದೆ ಎಂದು ತೋರಿಸಿದರೆ ಸೊನ್ನೆಗೆ ಕೆಲಸವಿದೆ ಎಂದು ಕಾಣುತ್ತದೆ. ಆಗಲೇ ಹೇಳಿದ 618 ಭಾಗ 6ರಲ್ಲಿ 103 ಬದಲು 13 ಬರುವುದು ಆ ಸೊನ್ನೆ ಕೈಬಿಟ್ಟದ್ದರಿಂದಲೇ. ‘ಆರು ಜನರಿಗೆ 618 ರೂಪಾಯಿ ಹಂಚಿದರೆ ತಲೆಗೆ 13 ಬರುತ್ತದಾ?’ ಎಂದು ಮೊದಲು ಅಂದಾಜು ಕೇಳಿ, ಆಮೇಲೆ ಲೆಕ್ಕ.

ನಡವಳಿಕೆ, ಮತ್ತು ಐದು ದಿನದ ನಂತರ

ನಡವಳಿಕೆಯ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ, ಓದಿ ಹೇಳಿ ಸಹಿ ಮಾಡಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಿವಿ ಹಿಂಡುವುದು, ಮೊಣಕಾಲೂರಿಸುವುದು, ‘ನಿನ್ನ ತಮ್ಮನಿಗೆ ಬರುತ್ತೆ, ನಿನಗೆ ಬರಲ್ಲ’ ಎನ್ನುವುದು ಎಲ್ಲ ಅದರೊಳಗೆ ಬರುತ್ತವೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. ಮಕ್ಕಳ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವಂತಿಲ್ಲ, ‘ಓದಲು ಬಾರದ ಮಕ್ಕಳು’ ಎಂಬ ಶೀರ್ಷಿಕೆಯಲ್ಲಂತೂ ಸುತರಾಂ ಇಲ್ಲ. ಮಗು ಲೈಂಗಿಕ ಕಿರುಕುಳದ ಮಾತು ಹೇಳಿದರೆ, 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಖ್ಯ ಶಿಕ್ಷಕರಿಗೆ ಹೇಳಿದೆವು ಎಂದಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಮಗುವನ್ನು ಕೆದಕಿ ಕೆದಕಿ ಕೇಳಬಾರದು, ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬೇಕು. ಮಕ್ಕಳ ಸಹಾಯವಾಣಿ 1098ನ್ನು ಪ್ರತಿ ಬೋಧಕರ ಫೋನಿನಲ್ಲಿ ಆಗಲೇ ಸೇವ್ ಮಾಡಿಸಿ.

ಐದು ದಿನ ಮುಗಿದಾಗ ತರಬೇತಿಯ ಅರ್ಧ ಮುಗಿದಿರುತ್ತದೆ, ಅಷ್ಟೇ. ಉಳಿದರ್ಧ ಶಾಲೆಯಲ್ಲಿ ನಡೆಯಬೇಕು. ಪಾಠ ಶುರುವಾದ ಎರಡನೇ ವಾರದಲ್ಲಿ ಒಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಯಾರಾದರೂ ಹಿಂದೆ ಕೂತು ಇಡೀ ಗಂಟೆ ನೋಡಬೇಕು. ಎರಡನೇ ವಾರವೇ ಯಾಕೆಂದರೆ ಮೊದಲ ವಾರ ಎಲ್ಲರೂ ಹೇಳಿಕೊಟ್ಟ ಹಾಗೇ ಮಾಡುತ್ತಾರೆ. ಮಕ್ಕಳು ಗಲಾಟೆ ಶುರು ಮಾಡಿದ ಮೇಲೆ ಹಳೆಯ ರೂಢಿ ವಾಪಸು ಬರುತ್ತದೆ. ಬೋಧಕಿ ಎದ್ದು ಬೋರ್ಡಿಗೆ ಹೋಗುತ್ತಾಳೆ, ನಕಲು ಬರೆಸುತ್ತಾಳೆ, ತರಗತಿ ಸದ್ದಿಲ್ಲದೆ ಕೂರುತ್ತದೆ, ಹೊರಗಿನಿಂದ ನೋಡಿದವರಿಗೆ ಶಿಸ್ತಾಗಿ ಕಾಣುತ್ತದೆ. ನೋಡಲು ಹೋದವರು ನಾಲ್ಕೇ ಸಂಗತಿ ಬರೆಯಲಿ. ಎಷ್ಟು ಮಕ್ಕಳು ಒಬ್ಬೊಬ್ಬರೇ ಓದಿದರು, ಬೋಧಕಿ ಎಷ್ಟು ಸಲ ಕಾಯದೆ ಹೇಳಿಕೊಟ್ಟಳು, ನಕಲಿಗೆ ಎಷ್ಟು ನಿಮಿಷ ಹೋಯಿತು, ಮಾತೇ ಆಡದ ಮಗು ಯಾವುದು. ಪಾಠದ ನಡುವೆ ಬಾಯಿ ಹಾಕಬಾರದು. ಮುಗಿದ ಮೇಲೆ ಹತ್ತು ನಿಮಿಷ ಮಾತಾಡಿ, ಮುಂದಿನ ಭೇಟಿಯವರೆಗೆ ಬದಲಿಸಬೇಕಾದ್ದು ಒಂದನ್ನು ಮಾತ್ರ ಹೇಳಬೇಕು. ಆರು ತಪ್ಪು ಹೇಳಿದರೆ ಒಂದೂ ತಿದ್ದಿಕೊಳ್ಳುವುದಿಲ್ಲ, ನಿಮ್ಮ ಬೈಕಿನ ಸದ್ದು ಕೇಳಿದರೇ ಅವಳಿಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ.

ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಮೂರು ಗಂಟೆ ಎಲ್ಲ ಬೋಧಕರೂ ಸೇರಲಿ. ಪ್ರತಿಯೊಬ್ಬರೂ ಒಂದು ಮಗುವಿನ ಸ್ಲೇಟಿನ ಫೋಟೊ ತರಲಿ, ಹೆಸರಿಲ್ಲದೆ. ಆ ತಪ್ಪು ಹೇಗೆ ಬಂತು ಎಂದು ಎಲ್ಲರೂ ಸೇರಿ ಊಹಿಸಲಿ. ಯಾವ ಅತಿಥಿ ಉಪನ್ಯಾಸಕ್ಕಿಂತಲೂ ಇದು ಹೆಚ್ಚು ಕಲಿಸುತ್ತದೆ, ಖರ್ಚೂ ಚಹಾಕ್ಕೆ ಮಾತ್ರ. ಅದೇ ದಿನ ಗೌರವಧನ ಕೊಟ್ಟುಬಿಡಿ. ಕೊಡಲು ಹಣವಿಲ್ಲದಿದ್ದರೆ ವಾರಕ್ಕೆ ಎರಡೇ ದಿನ ಕೇಳಿ, ಬಸ್ ಚಾರ್ಜು ಮತ್ತು ಫೋನ್ ರೀಚಾರ್ಜಾದರೂ ಕೊಡಿ. ಸೇವೆ ಎಂದು ಹೇಳಿ ವಾರಕ್ಕೆ ಐದು ದಿನ ದುಡಿಸಿಕೊಂಡರೆ ದಸರಾ ರಜೆ ಮುಗಿಯುವ ಹೊತ್ತಿಗೆ ಅರ್ಧ ಜನ ಇರುವುದಿಲ್ಲ, ಇರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

ಮಕ್ಕಳನ್ನು ಆರು ವಾರಕ್ಕೊಮ್ಮೆ ಮತ್ತೆ ಅಳೆದು ಗುಂಪು ಬದಲಿಸಬೇಕು. ಈ ಅಳತೆಯನ್ನು ಆ ಗುಂಪಿನ ಬೋಧಕಿ ಮಾಡಬಾರದು, ಪಕ್ಕದ ಶಾಲೆಯವರು ಮಾಡಲಿ. ತಾನು ಕಲಿಸಿದ ಮಗು ತಡವರಿಸಿದಾಗ ಎಂಥವರ ತಲೆಯೂ ಆಡುತ್ತದೆ. ಮೇಲೇರಿದ ಮಗುವನ್ನು ‘ನನ್ನ ಹತ್ತಿರವೇ ಇರಲಿ’ ಎಂದು ಹಿಡಿದಿಟ್ಟುಕೊಳ್ಳುವವರೂ ಇದ್ದಾರೆ, ಅದಕ್ಕೂ ಬಿಡಬೇಡಿ. ಕಥೆಯ ಮಟ್ಟ ದಾಟಿದ ಮಗುವಿಗೆ ಈ ತರಗತಿ ಸಾಕು. ಅದು ಕನ್ನಡ ಪಠ್ಯದ ಒಂದು ಪಾಠವನ್ನು ತನ್ನ ತರಗತಿ ಶಿಕ್ಷಕರ ಎದುರು ಓದಿ ತೋರಿಸಿ ವಾಪಸು ಹೋಗಲಿ.

ಕೊನೆಯದಾಗಿ ನೋಟ್‌ಬುಕ್ಕಿನ ವಿಷಯ. ಬೋಧಕರಲ್ಲಿ ಕೆಲವರಿಗೆ ವರ್ಷದ ನಡುವೆ ಮದುವೆ ಆಗುತ್ತದೆ, ಕೆಲವರಿಗೆ ಕೆಲಸ ಸಿಗುತ್ತದೆ. ಅದು ಆಗಿಯೇ ಆಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಹತ್ತು ಜನ ಬೇಕಿದ್ದರೆ ಹದಿಮೂರು ಜನರಿಗೆ ತರಬೇತಿ ಕೊಡಿ. ಪ್ರತಿ ಗುಂಪಿಗೂ ಒಂದು ನೂರು ಪುಟದ ನೋಟ್‌ಬುಕ್ ಇರಲಿ, ಮಗುವಿಗೆ ಹತ್ತು ಪುಟ. ಅದರಲ್ಲಿ ‘ಚೆನ್ನಾಗಿ ಓದುತ್ತಾಳೆ’, ‘ಸುಧಾರಿಸಬೇಕು’ ಎಂದು ಬರೆದದ್ದು ಯಾರಿಗೂ ಪ್ರಯೋಜನವಿಲ್ಲ. ‘ತ ಒತ್ತು ಬಂತು, ಮ ಒತ್ತು ಇನ್ನೂ ಇಲ್ಲ, ಅರ್ಕಾವತ್ತು ಶುರು ಮಾಡಿಲ್ಲ, ಕಟ್ಟು ಬಿಚ್ಚಿ ಕಳೆಯುತ್ತಾಳೆ, ಸ್ಲೇಟಿನಲ್ಲಿ ತಪ್ಪುತ್ತದೆ’ ಎಂದು ತಾರೀಖು ಹಾಕಿ ಬರೆದಿದ್ದರೆ, ನಾಳೆ ಬರುವ ಹೊಸ ಬೋಧಕಿ ಅದೇ ಸಾಲಿನಿಂದ ಶುರು ಮಾಡಬಹುದು. ನೋಟ್‌ಬುಕ್ ಶಾಲೆಯ ಬೀರುವಿನಲ್ಲೇ ಇರಬೇಕು. ಮನೆಗೆ ಹೋದ ನೋಟ್‌ಬುಕ್ ಮದುವೆಯಾದ ಮೇಲೆ ತವರಿನಲ್ಲೇ ಉಳಿಯುತ್ತದೆ.